ಫೀಡ್‌ಬ್ಯಾಕ್ ಬಾಕ್ಸ್‌ನಲ್ಲಿ ದೂರು ಬರೆಯಬೇಡಿ

ಹೋದ ತಿಂಗಳು ಇಂಗ್ಲೆಂಡಿನ ನಮ್ಮ ಬೀದಿಗೆ ದಾವಣಗೆರೆ ಕಡೆಯ ಒಂದು ಜೋಡಿ ಬಂದಿದೆ. ಮಗುವಿಗೆ ಎರಡು ವರ್ಷ. ಮೊನ್ನೆ ಆ ಹುಡುಗಿ ಫೋನ್ ತೋರಿಸಿ, "ಅಕ್ಕಾ, ಡಾಕ್ಟರಿಗೆ ಮೆಸೇಜ್ ಮಾಡಿ ಹತ್ತು ದಿನ ಆಯ್ತು, ಉತ್ತರಾನೇ ಇಲ್ಲ" ಅಂದಳು. ನೋಡಿದೆ. ಜಿಪಿ, ಅಂದರೆ ಇಲ್ಲಿನ ಕುಟುಂಬ ವೈದ್ಯರ ಕ್ಲಿನಿಕ್‌ಗೆ ಹೋಗಿ ಬಂದ ಮೇಲೆ ಬರುವ "ನಮ್ಮ ಸೇವೆ ಹೇಗಿತ್ತು?" ಅನ್ನುವ ಮೆಸೇಜ್ ಅದು. ಅದಕ್ಕೆ ಅವಳು, ಮಗುವಿನ ಚರ್ಮದ ಕ್ರೀಮ್ ಮುಗಿದಿದೆ, ದಯವಿಟ್ಟು ಮತ್ತೆ ಬರೆದುಕೊಡಿ ಎಂದು ಉತ್ತರ ಕಳಿಸಿದ್ದಳು. ನನ್ನ ಎದೆ ಧಸಕ್ಕೆಂದಿತು. ಮೂರು ವರ್ಷದ ಹಿಂದೆ ನಾನು ಮಾಡಿದ್ದೂ ಇದನ್ನೇ.

ಇಂಗ್ಲೆಂಡಿನಲ್ಲಿ ಜಿಪಿಗೆ ನೋಂದಾಯಿಸುವುದು ಹೇಗೆ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಈ ಮೆಸೇಜಿನ ವಿಷಯ ಯಾರೂ ಹೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ಅಮ್ಮನಿಗೆ ಭುಜದ ನೋವು. ಕೈ ಎತ್ತಿ ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ. ಜಿಪಿ ನೋಡಿ, ಆಸ್ಪತ್ರೆಗೆ ರೆಫರ್ ಮಾಡುತ್ತೇನೆ, ಕಾಗದ ಬರುತ್ತದೆ ಎಂದರು. ಆರು ವಾರವಾದರೂ ಬರಲಿಲ್ಲ. ಅಷ್ಟರಲ್ಲಿ ಇನ್ನೊಂದು ಭೇಟಿಯಾಗಿ ಅದೇ ಮೆಸೇಜ್ ಬಂತು. "ತುಂಬಾ ಚೆನ್ನಾಗಿತ್ತು" ಎಂಬುದಕ್ಕೆ 1 ಒತ್ತಿ, ಕೆಳಗೆ ಅನಿಸಿಕೆ ಕೇಳಿದ ಕಡೆ ರೆಫರಲ್ ವಿಷಯ ಪೂರ್ತಿ ಬರೆದೆ. ಅಮ್ಮನ ಹುಟ್ಟಿದ ದಿನಾಂಕವನ್ನೂ ಹಾಕಿದೆ. ಕ್ಲಿನಿಕ್‌ನಿಂದಲೇ ಬಂದ ಮೆಸೇಜ್, ಓದಿ ಫೋನ್ ಮಾಡುತ್ತಾರೆ ಎಂದು ನಂಬಿ ಕೂತೆ. ಮತ್ತೆ ಐದು ವಾರ ಹೋಯಿತು. ಅಮ್ಮ ರಾತ್ರಿ ನಿದ್ದೆಯಿಲ್ಲದೆ ಸೋಫಾದ ಮೇಲೆ ಕೂತೇ ಇರುತ್ತಿದ್ದರು. ಕೊನೆಗೆ ತಡೆಯಲಾಗದೆ 220 ಪೌಂಡ್ ಕೊಟ್ಟು ಖಾಸಗಿ ಡಾಕ್ಟರಿಗೆ ತೋರಿಸಿದೆ. ಆಮೇಲೆ ಕ್ಲಿನಿಕ್‌ಗೆ ಹೋಗಿ ಕೇಳಿದರೆ ರೆಫರಲ್ ಹೋಗೇ ಇರಲಿಲ್ಲ. ರಿಸೆಪ್ಷನ್‌ನಾಕೆ ಪಾಪ ಒಳ್ಳೆಯವಳು. "ಆ ಉತ್ತರಗಳು ನಮಗೆ ಹೆಸರಿಲ್ಲದೆ ಬರುತ್ತವೆ. ತಿಂಗಳಿಗೊಮ್ಮೆ ಒಟ್ಟು ಮಾಡಿ ನೋಡುತ್ತೇವೆ, ಅಷ್ಟೇ" ಎಂದಳು. ಒಂದು ಫೋನ್ ಮಾಡಿದ್ದರೆ ಐದು ವಾರದ ನೋವು ತಪ್ಪುತ್ತಿತ್ತು.

ಈ ಮೆಸೇಜಿನ ಹೆಸರು ಫ್ರೆಂಡ್ಸ್ ಅಂಡ್ ಫ್ಯಾಮಿಲಿ ಟೆಸ್ಟ್. ಜಿಪಿ ಕ್ಲಿನಿಕ್‌ಗಳಿಗೆ ಇದು ಬಂದದ್ದು 2014ರ ಡಿಸೆಂಬರ್‌ನಲ್ಲಿ. ಮೊದಲು "ನಿಮ್ಮ ಸ್ನೇಹಿತರಿಗೆ ಈ ಕ್ಲಿನಿಕ್‌ಗೆ ಹೋಗಿ ಅಂತ ಹೇಳುತ್ತೀರಾ?" ಎಂದು ಕೇಳುತ್ತಿದ್ದರು, 2020ರಿಂದ "ಒಟ್ಟಾರೆ ಅನುಭವ ಹೇಗಿತ್ತು?" ಎಂದು ಕೇಳುತ್ತಾರೆ. ಲೆಕ್ಕಕ್ಕಾಗಿ ಇರುವ ಪ್ರಶ್ನೆ ಇದು. ಔಷಧಿ, ರಿಪೋರ್ಟ್, ರೆಫರಲ್, ನೋವು ಯಾವುದನ್ನೂ ಇಲ್ಲಿ ಬರೆಯಬೇಡಿ. ಎದೆ ನೋವು ಅಂತ ಬರೆದರೂ ಯಾರೂ ಆಂಬುಲೆನ್ಸ್ ಕಳಿಸುವುದಿಲ್ಲ. ಇದನ್ನು ಹೊಸಬರಿಗೆ ಎರಡೆರಡು ಸಲ ಹೇಳಿ.

ದೂರು ಇದ್ದರೆ ಕ್ಲಿನಿಕ್‌ನ ಪ್ರಾಕ್ಟೀಸ್ ಮ್ಯಾನೇಜರ್‌ಗೆ ಹೆಸರು ಹಾಕಿ ಬರೆಯಿರಿ. ಮೊದಲ ಸಾಲಿನಲ್ಲೇ "ಇದು ದೂರು" ಅಂತ ಹೇಳಿ. ಮೂರು ಕೆಲಸದ ದಿನಗಳೊಳಗೆ ತಲುಪಿದೆ ಎಂದು ತಿಳಿಸಬೇಕು, ಅದು ನಿಯಮ. ಕ್ಲಿನಿಕ್‌ಗೆ ಹೇಳಲು ಮುಜುಗರವಾದರೆ ನಿಮ್ಮ ಪ್ರದೇಶದ ಆರೋಗ್ಯ ಸೇವೆ ನೋಡಿಕೊಳ್ಳುವ ಇಂಟಿಗ್ರೇಟೆಡ್ ಕೇರ್ ಬೋರ್ಡ್‌ಗೆ ಬರೆಯಬಹುದು. 2023ರ ಜುಲೈನಿಂದ ಈ ದೂರುಗಳು ಅಲ್ಲಿಗೇ ಹೋಗುತ್ತವೆ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಬರೆಯಿರಿ. ಘಟನೆ ನಡೆದು 12 ತಿಂಗಳೊಳಗೆ ಬರೆಯಬೇಕು. ದೂರು ಕೊಟ್ಟರೆ ಡಾಕ್ಟರು ನಮ್ಮ ಮೇಲೆ ಸಿಟ್ಟಾಗುತ್ತಾರೆ ಎಂಬ ಭಯ ನಮ್ಮವರಿಗೆ ಜಾಸ್ತಿ. ದೂರು ಕೊಟ್ಟರೆಂದು ಚಿಕಿತ್ಸೆಯಲ್ಲಿ ಭೇದ ಮಾಡುವಂತಿಲ್ಲ. ಅಮ್ಮನ ವಿಷಯದಲ್ಲಿ ಬರೆದು ಕೇಳಿದ ನಾಲ್ಕೇ ದಿನಕ್ಕೆ ಕ್ಷಮೆ ಕೇಳಿದ ಕಾಗದ ಬಂತು, ರೆಫರಲ್ಲೂ ಹೋಯಿತು.

ಇನ್ನೊಂದು ಸರ್ವೆ ಇದೆ, ಅದು ದೊಡ್ಡದು. ಜಿಪಿ ಪೇಷಂಟ್ ಸರ್ವೆ. 2007ರಿಂದ ನಡೆಯುತ್ತಿದೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಪರವಾಗಿ ಇಪ್ಸಾಸ್ ಎಂಬ ಸಮೀಕ್ಷಾ ಸಂಸ್ಥೆ ನಡೆಸುತ್ತದೆ. 16 ವರ್ಷ ತುಂಬಿದ ರೋಗಿಗಳಲ್ಲಿ ಕೆಲವರನ್ನು ಆರಿಸಿ ವರ್ಷದ ಮೊದಲ ತಿಂಗಳುಗಳಲ್ಲಿ ಕಾಗದ ಕಳಿಸುತ್ತಾರೆ. 2024ರಲ್ಲಿ ಸುಮಾರು 25 ಲಕ್ಷ ಜನರಿಗೆ ಕಳಿಸಿ ಸುಮಾರು 7 ಲಕ್ಷ ಉತ್ತರ ಪಡೆದರು. ಪ್ರತಿ ಕ್ಲಿನಿಕ್‌ನ ಫಲಿತಾಂಶ ಎಲ್ಲರೂ ನೋಡುವ ಹಾಗೆ ವೆಬ್‌ಸೈಟ್‌ನಲ್ಲಿರುತ್ತದೆ. ಮನೆ ಬದಲಿಸಿದಾಗ ಹೊಸ ಜಿಪಿ ಹುಡುಕಲು ನಾನು ಅದನ್ನೇ ನೋಡುತ್ತೇನೆ. ಇದೊಂದು ವಿಷಯದಲ್ಲಿ ಇವರ ಪದ್ಧತಿ ನಮ್ಮದಕ್ಕಿಂತ ಮೇಲು. ಊರಲ್ಲಿ ಡಾಕ್ಟರ ಕೈಗುಣ ಚೆನ್ನಾಗಿದೆಯೋ ಇಲ್ಲವೋ ಅಂತ ಪಕ್ಕದ ಮನೆಯವರನ್ನು ಕೇಳಬೇಕು. ಆದರೆ ಊರಲ್ಲಿ ಟೋಕನ್ ತಗೊಂಡು ಸಂಜೆಯೇ ತೋರಿಸಬಹುದು, ಸರಿಹೋಗದಿದ್ದರೆ ನಾಳೆ ಬೇರೆ ಡಾಕ್ಟರು. ಇಲ್ಲಿ ಬೆಳಿಗ್ಗೆ ಎಂಟಕ್ಕೆ ಫೋನ್ ಹಿಡಿದು ಕೂರಬೇಕು. ಆ ವಿಷಯದಲ್ಲಿ ನಮ್ಮೂರೇ ವಾಸಿ.

ಈ ಸರ್ವೆಯನ್ನು ಆನ್‌ಲೈನ್‌ನಲ್ಲಿ ಬೇರೆ ಭಾಷೆಗಳಲ್ಲೂ ತುಂಬಬಹುದು. ಗುಜರಾತಿ, ಪಂಜಾಬಿ, ಬಂಗಾಳಿ, ಉರ್ದು ಇವೆ. ಕನ್ನಡ ಇಲ್ಲ. ಹಾಗಾಗಿ ಅಮ್ಮನ ಫಾರಂ ನಾನೇ ಓದಿ ಕನ್ನಡದಲ್ಲಿ ಹೇಳಿ ತುಂಬಿದೆ. ಡಾಕ್ಟರ ಮೇಲೆ ವಿಶ್ವಾಸ ಇತ್ತಾ ಅಂತ ಕೇಳಿದೆ. "ಪಾಪ, ಒಳ್ಳೆ ಹುಡುಗ, ವಿಶ್ವಾಸದಿಂದ ಮಾತಾಡಿಸ್ದ" ಅಂದರು. ಪ್ರಶ್ನೆ ಇದ್ದದ್ದು ಅವನ ವೈದ್ಯದ ಮೇಲಿನ ನಂಬಿಕೆಯ ಬಗ್ಗೆ. ಅಮ್ಮ ಹೇಳಿದ್ದು ಪ್ರೀತಿಯ ಬಗ್ಗೆ. ಮುಂದೆ, ಮಾನಸಿಕ ಆರೋಗ್ಯದ ಅಗತ್ಯಗಳನ್ನು ಅವರು ಅರ್ಥ ಮಾಡಿಕೊಂಡರಾ ಅಂದೆ. ಅಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನನಗೇನು ತಲೆ ಕೆಟ್ಟಿದೆಯೇನೇ?" ಮನಸ್ಸಿಗೆ ಬೇಜಾರು, ಚಿಂತೆ ಏನಾದರೂ ಇತ್ತಾ ಅಂತ ಕೇಳಬೇಕಿತ್ತು. ಒಟ್ಟಾರೆ ಹೇಗಿತ್ತು ಅಂದಾಗ "ಪರವಾಗಿಲ್ಲ" ಅಂದರು. ಅದನ್ನು ಯಾವ ಚೌಕಕ್ಕೆ ಟಿಕ್ ಮಾಡುವುದು? ನಮ್ಮಲ್ಲಿ ಊಟ ರುಚಿಯಾಗಿದ್ದರೂ ಪರವಾಗಿಲ್ಲ, ಜ್ವರ ಇಳಿಯದಿದ್ದರೂ ಪರವಾಗಿಲ್ಲ.

ಇಂಥ ಪ್ರಶ್ನಾವಳಿಯನ್ನು ಸರಿಯಾಗಿ ಅನುವಾದ ಮಾಡುವವರು ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಒಬ್ಬರು ಅನುವಾದಿಸುತ್ತಾರೆ, ಮೂಲ ನೋಡದ ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ತರುತ್ತಾರೆ, ಎರಡನ್ನೂ ಹೋಲಿಸುತ್ತಾರೆ. ಯುರೋಪಿನ ಹಲವು ದೇಶಗಳು ತಮ್ಮ ಕುಟುಂಬ ವೈದ್ಯರ ಬಗ್ಗೆ ಒಂದೇ ಥರ ಕೇಳಲಿ ಅಂತ 1990ರ ದಶಕದಲ್ಲಿ ಮಾಡಿದ ಯೂರೋಪೆಪ್ ಎಂಬ ಪ್ರಶ್ನಾವಳಿಯಲ್ಲಿ ಇರುವುದು ಬರೀ 23 ಪ್ರಶ್ನೆ. ಅಷ್ಟಕ್ಕೇ ಇಷ್ಟು ಶ್ರಮ ಬೇಕು. ಅಡುಗೆಮನೆಯಲ್ಲಿ ನಿಂತು ನಾನು ಮಾಡಿದ ಅನುವಾದ ಅದಕ್ಕೆ ಸಾಟಿಯಲ್ಲ. ಈಗ ನಾನು ಪದ ಅನುವಾದಿಸುವುದಿಲ್ಲ. "ನೀವು ಹೇಳಿದ್ದನ್ನು ಡಾಕ್ಟರು ಪೂರ್ತಿ ಕೇಳಿಸಿಕೊಂಡರಾ, ಮಧ್ಯದಲ್ಲೇ ತಡೆದರಾ?" ಅಂತ ನಡೆದದ್ದನ್ನು ಕೇಳುತ್ತೇನೆ.

ಸುಮ್ನೆ "ಚೆನ್ನಾಗಿತ್ತು" ಅಂತ ಒತ್ತಿಬಿಡಬೇಡಿ. ಸರ್ವೆಗಳಲ್ಲಿ ದಕ್ಷಿಣ ಏಷ್ಯಾದವರು ಜಿಪಿಗಳಿಗೆ ಕಮ್ಮಿ ಅಂಕ ಕೊಡುತ್ತಾರೆ. ಅವರು ಅಂಕ ಕೊಡುವ ರೀತಿಯೇ ಹಾಗೆ ಇರಬಹುದು ಎಂಬ ವಾದ ಇತ್ತು. ಕೇಂಬ್ರಿಡ್ಜ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಆ ವಾದವನ್ನು ಒಪ್ಪಲಿಲ್ಲ. ಡಾಕ್ಟರ್ ಭೇಟಿಗಳನ್ನು ನಟಿಸಿ ತೋರಿಸಿದ ಒಂದೇ ಥರದ ವಿಡಿಯೋಗಳನ್ನು ಬಿಳಿಯ ಬ್ರಿಟಿಷರಿಗೂ ಪಾಕಿಸ್ತಾನಿ ಮೂಲದವರಿಗೂ ತೋರಿಸಿದರು. ಪಾಕಿಸ್ತಾನಿ ಮೂಲದವರೇ ಜಾಸ್ತಿ ಅಂಕ ಕೊಟ್ಟರು. ಅಂದರೆ ನಿಜ ಜೀವನದಲ್ಲಿ ಕಮ್ಮಿ ಅಂಕ ಬರುತ್ತಿದ್ದರೆ, ಅವರಿಗೆ ಸಿಗುತ್ತಿರುವ ಉಪಚಾರವೇ ಕಮ್ಮಿ ಇರಬಹುದು. ನಾವು ಮರ್ಯಾದೆಗೆ ಕೊಟ್ಟ ಒಂದೊಂದು "ತುಂಬಾ ಚೆನ್ನಾಗಿತ್ತು" ಅದನ್ನು ಮುಚ್ಚಿಹಾಕುತ್ತದೆ. ನನಗೆ ಇದು ನಿಜವಾಗಿ ನೋವು ಕೊಡುವ ವಿಷಯ.

ಅಪ್ಪ ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ಅಪಾಯಿಂಟ್‌ಮೆಂಟ್ ಹಾಕುವಾಗಲೇ ಕನ್ನಡ ಇಂಟರ್ಪ್ರಿಟರ್ ಬೇಕು ಅಂತ ಹೇಳಿ. ರೋಗಿ ದುಡ್ಡು ಕೊಡಬೇಕಾಗಿಲ್ಲ. ಜಾಸ್ತಿ ಸಮಯವನ್ನೂ ಕೇಳಿ. ಮೊದಲ ಸಲ ಫೋನಿನಲ್ಲಿ ಕನ್ನಡ ಮಾತಾಡುವವರು ಸಿಕ್ಕಾಗ ಅಮ್ಮ, ರಾತ್ರಿ ಬೆರಳು ಜೋಮು ಹಿಡಿಯುವುದನ್ನೂ ಹೇಳಿದರು. ಅದನ್ನು ನನಗೆ ಹೇಳಿರಲಿಲ್ಲ, ನಾನು ಹೆದರುತ್ತೇನೆ ಅಂತ.

ದಾವಣಗೆರೆ ಹುಡುಗಿ ಮಾರನೇ ದಿನ ಎಂಟು ಗಂಟೆಗೆ ರಿಸೆಪ್ಷನ್‌ಗೆ ಫೋನ್ ಮಾಡಿದಳು. ಸಂಜೆ ಹೊತ್ತಿಗೆ ಕ್ರೀಮ್ ಫಾರ್ಮಸಿಯಲ್ಲಿತ್ತು.