ಕಿವಿಗೂದಲು: ಕೀಳುವುದನ್ನು ಬಿಟ್ಟು ಕತ್ತರಿಸುವುದನ್ನು ಕಲಿತೆ

ನನ್ನ ಕಿವಿಗಳಲ್ಲಿ ಕೂದಲು ಕಣ್ಣಿಗೆ ಬೀಳುವಷ್ಟು ಬೆಳೆದದ್ದು ಐವತ್ತು ದಾಟಿದ ಮೇಲೆ. ರಂಧ್ರದ ಮುಂದೆ ಪುಟ್ಟ ಬಾಗಿಲಿನಂತೆ ಚಾಚಿಕೊಂಡಿರುವ ಭಾಗದ ಒಳಮೈಯಲ್ಲಿ ಒಂದು ಗೊಂಚಲು, ಮೇಲಂಚಿನಲ್ಲಿ ಅಲ್ಲೊಂದು ಇಲ್ಲೊಂದು ಗಡುಸಾದ ಎಳೆ. ನೆತ್ತಿಯ ಕೂದಲನ್ನು ತೆಳುವಾಗಿಸುವ ಗಂಡು ಹಾರ್ಮೋನುಗಳೇ ಕಿವಿಯ ನವಿರು ರೋಮವನ್ನು ವರ್ಷ ಕಳೆದಂತೆ ದಪ್ಪ ಕೂದಲಾಗಿ ಬದಲಿಸುತ್ತವೆ; ಆದ್ದರಿಂದ ಇದು ರೋಗವೂ ಅಲ್ಲ, ಕೊಳಕಿನ ಗುರುತೂ ಅಲ್ಲ. ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಬೋಧಿಸುತ್ತಿದ್ದ ನಾನು, ಕಿವಿಯಂಚಿನ ಕೂದಲು ವೈ ವರ್ಣತಂತುವಿನ ಮೂಲಕ ತಂದೆಯಿಂದ ಮಗನಿಗೆ ಬರುವ ಗುಣವೆಂದು ಬಹಳ ವರ್ಷ ಹೇಳಿಕೊಟ್ಟಿದ್ದೇನೆ. ಭಾರತದ ಪುರುಷರ ವೈ ವರ್ಣತಂತುಗಳನ್ನೇ ಪರೀಕ್ಷಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವು ಆ ವಿವರಣೆ ನಿಲ್ಲುವುದಿಲ್ಲವೆಂದು ತೋರಿಸಿತು.

ನಿವೃತ್ತಿಯ ಬೀಳ್ಕೊಡುಗೆಗೆ ಎರಡು ದಿನ ಇದ್ದಾಗ, ಫೋಟೋದಲ್ಲಿ ಚೆನ್ನಾಗಿ ಕಾಣಬೇಕೆಂಬ ಆಸೆಯಿಂದ, ಮನೆಯಲ್ಲಿದ್ದ ಚಿಮಟದಿಂದ ಬಲಗಿವಿಯ ಕೂದಲನ್ನು ಒಂದೊಂದಾಗಿ ಕಿತ್ತೆ. ಹೊರಗಿನದು ಮುಗಿದ ಮೇಲೆ ರಂಧ್ರದೊಳಗೂ ಕೈ ಹಾಕಿದೆ. ಒಂದು ಎಳೆಯ ಬುಡದಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದಾದ ರಕ್ತದ ಹನಿ ಕಂಡಿತು, ಒರೆಸಿ ಸುಮ್ಮನಾದೆ. ಮೂರನೆಯ ದಿನ ದವಡೆ ಆಡಿಸಲು ಆಗದಷ್ಟು ನೋವು. ಕಿವಿಯನ್ನು ಮುಟ್ಟಿದರೆ ಸಾಕು, ಕಣ್ಣಲ್ಲಿ ನೀರು ಬರುತ್ತಿತ್ತು.

ಕಿವಿ, ಮೂಗು, ಗಂಟಲಿನ ವೈದ್ಯರು ನೋಡಿ, ಕೂದಲು ಕಿತ್ತ ರೋಮಕೂಪದಲ್ಲಿ ಸೋಂಕು ತಗಲಿ ಕುರುವಾಗಿದೆ ಎಂದರು. ಕಿವಿಯ ಕೊಳವೆಯ ಚರ್ಮ ಕೆಳಗಿನ ಮೃದ್ವಸ್ಥಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಊತಕ್ಕೆ ಹಿಗ್ಗಲು ಜಾಗವೇ ಇರುವುದಿಲ್ಲ. ಕುರು ಚಿಕ್ಕದಾದರೂ ನೋವು ಅಷ್ಟಿರುವುದು ಅದರಿಂದಲೇ. ಇಕ್ತಮಾಲ್ ಗ್ಲಿಸರಿನ್‌ನಲ್ಲಿ ಅದ್ದಿದ ಬತ್ತಿಯನ್ನು ಕಿವಿಯಲ್ಲಿಟ್ಟು, ಆ್ಯಂಟಿಬಯಾಟಿಕ್ ಮಾತ್ರೆ ಬರೆದುಕೊಟ್ಟು, ರಕ್ತದ ಸಕ್ಕರೆಯನ್ನೂ ಪರೀಕ್ಷಿಸಲು ಹೇಳಿದರು. ಮಧುಮೇಹ ಇರುವವರಲ್ಲಿ ಇಂಥ ಸೋಂಕು ಮರುಕಳಿಸುವುದುಂಟು. ಕೆಲವೊಮ್ಮೆ ಹೊರಗಿವಿಯ ಸೋಂಕು ತಲೆಬುರುಡೆಯ ಎಲುಬಿನವರೆಗೂ ಹಬ್ಬುತ್ತದೆ. ನನ್ನ ಸಕ್ಕರೆ ಸರಿಯಾಗಿತ್ತು, ವಾರದೊಳಗೆ ಗುಣವಾಯಿತು. ಅಂದಿನಿಂದ ಕಿವಿಯ ಕೂದಲನ್ನು ಕೀಳುವುದನ್ನು ಪೂರ್ತಿಯಾಗಿ ಬಿಟ್ಟೆ.

ವೈದ್ಯರು ಹೇಳಿದ ಇನ್ನೊಂದು ಮಾತು ನನ್ನ ಈಗಿನ ಪದ್ಧತಿಗೆ ತಳಹದಿ. ಕಿವಿಯ ಕೊಳವೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದವಿದ್ದು, ಕೂದಲೂ ಗುಗ್ಗೆ ಸ್ರವಿಸುವ ಗ್ರಂಥಿಗಳೂ ಇರುವುದು ಹೊರಗಿನ ಮೂರನೆಯ ಒಂದು ಭಾಗದಲ್ಲಿ ಮಾತ್ರ. ಅಲ್ಲಿನ ಕೂದಲು ಧೂಳನ್ನೂ ಹುಳುವನ್ನೂ ತಡೆಯಲು ಇರುವಂಥದ್ದು. ಹಾಗಾಗಿ ನಾನು ಮುಟ್ಟುವುದು ರಂಧ್ರದಿಂದ ಹೊರಗೆ ಇಣುಕುವ, ಕಣ್ಣಿಗೆ ಕಾಣುವ ಕೂದಲನ್ನಷ್ಟೇ.

ಮೂರು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಸ್ನಾನಕ್ಕೆ ಮೊದಲು, ಪೂರ್ವದ ಕಿಟಕಿಯ ಬಳಿ ಕೂರುತ್ತೇನೆ. ಕೂದಲು ಒಣಗಿರಬೇಕು, ಒದ್ದೆ ಕೂದಲು ಚರ್ಮಕ್ಕೆ ಅಂಟಿಕೊಂಡು ಬ್ಲೇಡಿಗೆ ಸಿಗುವುದಿಲ್ಲ. ನಮ್ಮ ವಯಸ್ಸಿನವರಿಗೆ ಇಲ್ಲೊಂದು ತೊಡಕಿದೆ. ಕನ್ನಡಕವಿಲ್ಲದೆ ಹತ್ತಿರದ್ದು ಕಾಣುವುದಿಲ್ಲ, ಹಾಕಿಕೊಂಡರೆ ಅದರ ಕಡ್ಡಿ ಕಿವಿಯ ಮೇಲೆಯೇ ಕೂರುತ್ತದೆ. ಬಿಂಬವನ್ನು ದೊಡ್ಡದಾಗಿ ತೋರಿಸುವ ಮೇಜುಗನ್ನಡಿ ತಂದ ಮೇಲೆ ಈ ತೊಂದರೆ ತಪ್ಪಿತು. ಮೂಗು ಮತ್ತು ಕಿವಿಗೆಂದೇ ಮಾರುವ ಟ್ರಿಮ್ಮರ್‌ನಲ್ಲಿ ಬ್ಲೇಡು ಜಾಲರಿಯಂಥ ಲೋಹದ ಮುಚ್ಚಳದೊಳಗೆ ತಿರುಗುತ್ತದೆ, ಚರ್ಮಕ್ಕೆ ನೇರವಾಗಿ ತಗಲುವುದಿಲ್ಲ. ತಲೆಯನ್ನು ಆ ಕಿವಿಯ ಕಡೆಗೆ ವಾಲಿಸಿದರೆ ತುಂಡುಗಳು ಒಳಗೆ ಬೀಳದೆ ಭುಜದ ಮೇಲಿನ ಟವೆಲ್ಲಿಗೆ ಉದುರುತ್ತವೆ. ಬೆರಳಿನಿಂದ ಮುಂದಿನ ಪುಟ್ಟ ಬಾಗಿಲನ್ನು ಕೆನ್ನೆಯ ಕಡೆಗೆ ಮೆಲ್ಲಗೆ ಸರಿಸಿ, ಟ್ರಿಮ್ಮರ್‌ನ ತುದಿಯನ್ನು ಅಂಚಿಗೆ ತಾಗಿಸಿ ಸುತ್ತ ಆಡಿಸುತ್ತೇನೆ. ಒತ್ತುವುದಿಲ್ಲ, ಕಾಣದ ಕಡೆಗೆ ತೂರಿಸುವುದಿಲ್ಲ. ಬ್ಯಾಟರಿ ಇಳಿದಿದ್ದರೆ ಬ್ಲೇಡು ಕೂದಲನ್ನು ಕತ್ತರಿಸುವ ಬದಲು ಹಿಡಿದು ಜಗ್ಗುತ್ತದೆ. ಆ ಚುರುಕ್ ಎನ್ನುವ ನೋವು ಬಂದ ಕೂಡಲೇ ನಿಲ್ಲಿಸಿ ಹೊಸ ಸೆಲ್ ಹಾಕಬೇಕು. ಮೇಲಂಚಿನ ಒಂಟಿ ಎಳೆಗಳಿಗೆ ತುದಿ ದುಂಡಗಿರುವ ಚಿಕ್ಕ ಕತ್ತರಿ ಸಾಕು, ಆದರೆ ಅದು ರಂಧ್ರದ ಹತ್ತಿರ ಸುಳಿಯಬಾರದು.

ಮುಗಿದ ಮೇಲೆ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಹೊರಗಿವಿಯನ್ನು ಒರೆಸುತ್ತೇನೆ. ಹತ್ತಿಕಡ್ಡಿ ಹಾಕುವುದಿಲ್ಲ; ಅದು ತುಂಡುಗಳನ್ನೂ ಗುಗ್ಗೆಯನ್ನೂ ಇನ್ನಷ್ಟು ಒಳಗೆ ತಳ್ಳುತ್ತದೆ. ಟ್ರಿಮ್ಮರ್‌ನ ತಲೆಯನ್ನು ಬ್ರಷ್‌ನಿಂದ ಕೊಡವಿ, ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿಡುತ್ತೇನೆ. ಅದು ನನ್ನೊಬ್ಬನದೇ, ಮನೆಯಲ್ಲಿ ಯಾರಿಗೂ ಕೊಡುವುದಿಲ್ಲ.

ಕೂದಲು ತೆಗೆಯುವ ಕ್ರೀಮ್ ಬಗ್ಗೆ ಅನೇಕರು ಕೇಳುತ್ತಾರೆ. ಕೂದಲನ್ನು ಕರಗಿಸುವ ಕ್ಷಾರ ಚರ್ಮವನ್ನೂ ಸುಡಬಲ್ಲದು, ಕೊಳವೆಯೊಳಗೆ ಜಾರಿದರೆ ತೊಳೆದು ತೆಗೆಯುವುದು ಕಷ್ಟ. ಕಿವಿಗೆ ಅದು ಬೇಡವೇ ಬೇಡ. ಮೇಣ ಹಾಕಿ ಎಳೆಯುವುದೂ ದಾರದಿಂದ ತೆಗೆಯುವುದೂ ಬುಡಸಮೇತ ಕೀಳುವ ಕೆಲಸವೇ ಆದ್ದರಿಂದ ನನಗೆ ಒಗ್ಗುವುದಿಲ್ಲ. ಲೇಸರ್ ಕೆಲಸ ಮಾಡುವುದು ಕೂದಲಿನ ಕಪ್ಪು ವರ್ಣದ್ರವ್ಯದ ಮೇಲೆ, ನನ್ನದು ಬಹುಪಾಲು ಬೆಳ್ಳಗಾಗಿದೆ. ಕತ್ತರಿಸಿದರೆ ಕೂದಲು ಇನ್ನೂ ದಪ್ಪವಾಗಿ ಬೆಳೆಯುತ್ತದೆ ಎಂಬ ಭಯ ಮಾತ್ರ ಸುಳ್ಳು. ಮೊಂಡಾದ ತುದಿ ಬೆರಳಿಗೆ ಒರಟಾಗಿ ತಗಲುತ್ತದೆ, ಅಷ್ಟೇ.

ಈಚೆಗೆ ಅಣ್ಣನ ಕಿವಿಗಳನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ. ಅವನಿಗೆ ಎಪ್ಪತ್ತೊಂದು, ಕೈ ನಡುಗುತ್ತದೆ, ಮಧುಮೇಹವಿದೆ, ಬಲಗಿವಿಗೆ ಶ್ರವಣ ಸಾಧನ ಹಾಕುತ್ತಾನೆ. ಸಾಧನ ಸರಿಯಾಗಿ ಕೂರದೆ ಕುಯ್ಯೆಂದು ಕೂಗುತ್ತಿತ್ತು. ರಂಧ್ರದ ಬಾಯಲ್ಲಿ ಬೆಳೆದ ಕೂದಲು ಅಡ್ಡವಾಗುತ್ತಿದೆಯೆಂದು ಶ್ರವಣ ಪರೀಕ್ಷಕರು ತೋರಿಸಿದರು. ಅವನಿಗೆ ನಾನು ಟ್ರಿಮ್ಮರ್ ಬಳಸುವುದಿಲ್ಲ. ಹೊರಗೆ ಚಾಚಿದ್ದನ್ನಷ್ಟೇ ದುಂಡು ಕತ್ತರಿಯಿಂದ, ಮೂಲೆಯ ಕುರ್ಚಿಯಲ್ಲಿ ತಲೆಯನ್ನು ಗೋಡೆಗೆ ಒರಗಿಸಿ ಕೂರಿಸಿಕೊಂಡು ಕತ್ತರಿಸುತ್ತೇನೆ. ಅದಕ್ಕಿಂತ ಒಳಗಿನದನ್ನು ಆರು ತಿಂಗಳಿಗೊಮ್ಮೆ ಗುಗ್ಗೆ ತೆಗೆಸಲು ಹೋದಾಗ ವೈದ್ಯರೇ ದೀಪ ಹಿಡಿದು ನೋಡಿ ಕತ್ತರಿಸುತ್ತಾರೆ. ಸಾಧನ ಈಗ ಕೂಗುವುದು ಕಡಿಮೆಯಾಗಿದೆ.