ಬೆಲ್ಲ ಒಳ್ಳೆಯದೇ ಎಂದು ತಜ್ಞರನ್ನು ಕೇಳುವ ಮೊದಲು

ವಿಜ್ಞಾನ, ಆರೋಗ್ಯ, ಸಮಾಜ ಇವುಗಳ ಬಗ್ಗೆ ಬಲ್ಲವರನ್ನು ಮಾತನಾಡಿಸಿ, ಆ ಮಾತನ್ನು ಧ್ವನಿಮುದ್ರಿಸಿ ನಾಲ್ಕು ಜನಕ್ಕೆ ಕೇಳಿಸಬೇಕೆಂದು ಹೊರಡುವ ಹುಡುಗ ಹುಡುಗಿಯರು ಮೈಸೂರಿನಲ್ಲೂ ಮಂಡ್ಯದಲ್ಲೂ ನನಗೆ ಆಗಾಗ ಸಿಗುತ್ತಾರೆ. ಅವರು ಮೊದಲು ಕೇಳುವುದು ಯಾವ ಮೈಕ್ ಕೊಳ್ಳಬೇಕು ಎಂದು. ಹಲವು ವರ್ಷ ಇಂಥ ಮಾತುಕತೆ ನಡೆಸಿದ ಅನುಭವದಿಂದ ಹೇಳುವುದಾದರೆ, ಮೈಕ್ ಸರಿಯಿಲ್ಲದೆ ಕೆಟ್ಟ ಮಾತುಕತೆಗಳಿಗಿಂತ ಪ್ರಶ್ನೆ ಸರಿಯಿಲ್ಲದೆ ಕೆಟ್ಟವೇ ಹೆಚ್ಚು. ಆದ್ದರಿಂದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ಮಂಡ್ಯದ ಕೇಳುಗರಿಂದ ತಪ್ಪದೆ ಬರುವ ಪ್ರಶ್ನೆಯೊಂದಿದೆ: ಬೆಲ್ಲ ಆರೋಗ್ಯಕ್ಕೆ ಒಳ್ಳೆಯದೇ? ಇದನ್ನು ಹಾಗೆಯೇ ಎತ್ತಿ ಯಾವ ತಜ್ಞರ ಮುಂದಿಟ್ಟರೂ ಬರುವ ಉತ್ತರ ಒಂದೇ: ‘ಒಳ್ಳೆಯದು, ಆದರೆ ಮಿತವಾಗಿರಲಿ.’ ಮಿತ ಎಂದರೆ ಒಬ್ಬರಿಗೆ ಕಾಫಿಗೆ ಹಾಕುವ ಚೂರು, ಇನ್ನೊಬ್ಬರಿಗೆ ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುವ ಇಡೀ ಅಚ್ಚು. ತಪ್ಪು ತಜ್ಞರದ್ದಲ್ಲ. ಆ ಒಂದು ಪ್ರಶ್ನೆಯೊಳಗೆ ನಾಲ್ಕು ಪ್ರಶ್ನೆಗಳು ಸೇರಿಕೊಂಡಿವೆ, ಮತ್ತು ನಾಲ್ಕಕ್ಕೂ ಉತ್ತರಿಸಬಲ್ಲವರು ಬೇರೆಬೇರೆಯವರು. ಬೆಲ್ಲದಲ್ಲಿ ಏನಿದೆ ಎಂಬುದು ಆಹಾರ ವಿಜ್ಞಾನಿಯನ್ನು ಕೇಳಬೇಕಾದದ್ದು. ಬೆಲ್ಲದ ಬಹುಪಾಲು ಸಕ್ಕರೆಯಲ್ಲಿರುವ ಸುಕ್ರೋಸೇ ಎಂದೂ, 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕಿಲೋಕ್ಯಾಲರಿ ಇದ್ದರೆ ಬೆಲ್ಲದಲ್ಲಿ ಸುಮಾರು 380 ಇರುತ್ತದೆ ಎಂದೂ ಅವರು ಹೇಳಿಯಾರು. ಶುಗರ್ ಇರುವವರು ತಿಂದರೆ ಏನಾಗುತ್ತದೆ ಎಂಬುದು ಮಧುಮೇಹಕ್ಕೆ ಚಿಕಿತ್ಸೆ ನೀಡುವ ವೈದ್ಯರ ಪ್ರಶ್ನೆ. ಆಲೆಮನೆಗಳು ಏಕೆ ಮುಚ್ಚುತ್ತಿವೆ ಎಂಬುದು ಕೃಷಿ ಅರ್ಥಶಾಸ್ತ್ರದ ಪ್ರಶ್ನೆ. ಕೊಪ್ಪರಿಗೆಗೆ ಏನೇನು ಬೀಳುತ್ತದೆ ಎಂಬುದನ್ನು ಪಾಕ ತೆಗೆಯುವವರನ್ನೇ ಕೇಳಬೇಕು. ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆ, ಬಣ್ಣ ಬರಲೆಂದು ಹಾಕುವ ಹೈಡ್ರೋಸ್ ಎಂಬ ರಾಸಾಯನಿಕ ಇವುಗಳ ಲೆಕ್ಕ ಅವರಷ್ಟು ಚೆನ್ನಾಗಿ ಬೇರೆಯವರಿಗೆ ತಿಳಿಯದು. ಪಾಕ ಬರುವುದು ಸುಮಾರು 118 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂದು ವಿಜ್ಞಾನಿ ಹೇಳುತ್ತಾರೆ. ಆಲೆಮನೆಯವರು ಉಷ್ಣಮಾಪಕ ನೋಡುವುದಿಲ್ಲ, ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿಸಿ, ಉಂಡೆ ಕಟ್ಟಿತೇ ಎಂದು ನೋಡುತ್ತಾರೆ. ಇಬ್ಬರನ್ನೂ ಒಂದೇ ಮೇಜಿನ ಎದುರು ಕೂರಿಸಿದ ದಿನ ನಾನು ಪ್ರಶ್ನೆ ಕೇಳುವ ಕೆಲಸವೇ ಉಳಿಯಲಿಲ್ಲ.

ಹೀಗಾಗಿ ಮೊದಲ ಕೆಲಸವೆಂದರೆ ಪ್ರಶ್ನೆಯನ್ನು ಒಡೆಯುವುದು, ಆಮೇಲೆ ಒಂದೊಂದು ಚೂರಿಗೂ ತಕ್ಕ ಮನುಷ್ಯರನ್ನು ಹುಡುಕುವುದು. ಈ ವಿಷಯದಲ್ಲಿ ನಮ್ಮ ಭಾಗದವರು ಅದೃಷ್ಟವಂತರು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, 1965ರಲ್ಲಿ ಸ್ಥಾಪನೆಯಾದ ವಾಕ್ ಶ್ರವಣ ಸಂಸ್ಥೆ, 1969ರ ಭಾರತೀಯ ಭಾಷಾ ಸಂಸ್ಥಾನ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ, ಎರಡೂ ಊರುಗಳ ವೈದ್ಯಕೀಯ ಕಾಲೇಜುಗಳು, ಎಲ್ಲವೂ ಒಂದು ಗಂಟೆಯ ಬಸ್ ಪ್ರಯಾಣದೊಳಗೇ ಸಿಗುತ್ತವೆ. ಆದರೂ ನಾವು ಹೆಸರು ಕೇಳಿದವರ ಬಳಿಗೇ ಹೋಗುತ್ತೇವೆ. ಎರಡು ವರ್ಷ ತುಂಬಿದರೂ ಮಗು ಮಾತಾಡುತ್ತಿಲ್ಲ ಎಂಬ ವಿಷಯಕ್ಕೆ ಪ್ರಸಿದ್ಧ ಹೃದ್ರೋಗ ತಜ್ಞರೊಬ್ಬರನ್ನು ಕರೆಸಿದ ಕಾರ್ಯಕ್ರಮವನ್ನು ನಾನು ಕೇಳಿದ್ದೇನೆ. ಅವರು ಸಂಕೋಚದಿಂದಲೇ ಉತ್ತರಿಸಿದರು, ಪಾಪ. ಕರೆಯುವ ಮೊದಲು ‘ಈ ವಿಷಯದಲ್ಲಿ ನೀವೇ ಸ್ವತಃ ಕೆಲಸ ಮಾಡಿದ್ದೀರಾ, ಅಥವಾ ಇನ್ನಾರನ್ನಾದರೂ ಸೂಚಿಸುವಿರಾ?’ ಎಂದು ಫೋನಿನಲ್ಲೇ ಕೇಳಿಬಿಡುವುದು ಇಬ್ಬರ ಮರ್ಯಾದೆಯನ್ನೂ ಉಳಿಸುತ್ತದೆ. ಸರ್ಕಾರಿ ಸಂಸ್ಥೆಯವರಾದರೆ ಮೇಲಧಿಕಾರಿಗಳ ಅನುಮತಿ ಬೇಕಾಗಬಹುದು. ಪತ್ರವನ್ನು ಎರಡು ಮೂರು ವಾರ ಮುಂಚೆಯೇ ಕಳುಹಿಸಬೇಕು.

ಪತ್ರದಲ್ಲಿ ವಿಷಯ, ಅವಧಿ, ಕೇಳುಗರು ಯಾರು ಎಂಬ ಮೂರನ್ನು ಸ್ಪಷ್ಟವಾಗಿ ತಿಳಿಸಿ. ಪ್ರಶ್ನೆಗಳ ಪೂರ್ತಿ ಪಟ್ಟಿಯನ್ನು ಮಾತ್ರ ಕಳುಹಿಸಬೇಡಿ, ಏಕೆಂದರೆ ತಜ್ಞರು ಉತ್ತರಗಳನ್ನು ಬರೆದುಕೊಂಡು ಬಂದು ಓದುತ್ತಾರೆ. ಓದಿದ್ದು ಕಿವಿಗೆ ತಕ್ಷಣ ಗೊತ್ತಾಗುತ್ತದೆ.

ಇನ್ನು ಸ್ವಾಗತ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ಇವೆಲ್ಲ ನಮ್ಮ ಸಂಪ್ರದಾಯ, ನನಗೂ ಪ್ರಿಯವೇ. ಆದರೆ ಈಗತಾನೇ ಪೇಟ ತೊಡಿಸಿದವರನ್ನು ‘ಅದು ಹೇಗೆ ಸರ್?’ ಎಂದು ಎದುರು ಪ್ರಶ್ನೆ ಕೇಳಲು ನಾಲಿಗೆ ಏಳುವುದಿಲ್ಲ. ಸನ್ಮಾನವನ್ನು ಕೊನೆಗಿಡಿ. ಪರಿಚಯವನ್ನು ಮೂರು ವಾಕ್ಯಕ್ಕೆ ಮುಗಿಸಿ, ಪ್ರಶಸ್ತಿಗಳ ಪಟ್ಟಿ ಬಿಟ್ಟು, ಅವರು ಈಗ ಯಾವ ಕೆಲಸದಲ್ಲಿದ್ದಾರೆ ಎಂಬುದನ್ನಷ್ಟೇ ಹೇಳಿ. ಎದುರು ಪ್ರಶ್ನೆ ಹಾಕಲು ಸಂಕೋಚವಾದಾಗ ನಾನು ಮನೆಯ ಹಿರಿಯರನ್ನು ಮುಂದೆ ಮಾಡುತ್ತೇನೆ: ‘ಮೇಡಂ, ನಮ್ಮ ಅಜ್ಜಿ ಇದನ್ನು ಖಂಡಿತ ಒಪ್ಪುವುದಿಲ್ಲ, ಅವರಿಗೆ ನಾನು ಏನು ಹೇಳಲಿ?’ ಅಜ್ಜಿಯ ಹೆಸರಿನಲ್ಲಿ ಎಂಥ ಪ್ರಶ್ನೆಯನ್ನಾದರೂ ಕೇಳಬಹುದು, ಉತ್ತರಿಸುವವರೂ ತಂತಾನೇ ಸರಳವಾಗುತ್ತಾರೆ.

ಮಾತುಕತೆಯ ನಡುವೆ ಮರೆಯದೆ ಕೇಳಬೇಕಾದ ಪ್ರಶ್ನೆಗಳಲ್ಲಿ ಮೊದಲನೆಯದು ‘ಎಷ್ಟು?’ ಎಂಬುದು. ರಾಗಿಯಲ್ಲಿ ಸುಣ್ಣದಂಶ ಹೇರಳವಾಗಿದೆ ಎಂದು ಪೋಷಣಾ ತಜ್ಞರು ಹೇಳಿದರೆ ಅಲ್ಲಿಗೇ ತಲೆದೂಗಬಾರದು. ಎಷ್ಟು ಎಂದು ಕೇಳಿದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಅಷ್ಟೇ ಹಸುವಿನ ಹಾಲಿನಲ್ಲಿ ಸುಮಾರು 120 ಎಂಬ ಅಂಕಿ ಬರುತ್ತದೆ. ಅಲ್ಲಿಗೂ ನಿಲ್ಲದೆ, ಅದರಲ್ಲಿ ಮೈಗೆ ಹತ್ತುವುದು ಎಷ್ಟು ಎಂದು ಕೇಳಿದರೆ, ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಕಟ್ಟಿದರೆ ಆ ಫೈಟೇಟ್ ಕಡಿಮೆಯಾಗುತ್ತದೆ ಎಂಬ ಮಾತು ಹೊರಬರುತ್ತದೆ. ಮಗುವಿಗೆ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಸರಿ ಮಾಡುವ ಅಡುಗೆಮನೆಯ ಪದ್ಧತಿಗೂ ಪ್ರಯೋಗಾಲಯಕ್ಕೂ ಅಲ್ಲಿ ಕೊಂಡಿ ಬೀಳುತ್ತದೆ. ಮೊದಲ ಉತ್ತರಕ್ಕೇ ಧನ್ಯವಾದ ಹೇಳಿದ್ದರೆ ಇದೇನೂ ಸಿಗುತ್ತಿರಲಿಲ್ಲ.

ಶೇಕಡಾವಾರು ಅಂಕಿ ಬಂದಾಗ ಇನ್ನಷ್ಟು ಎಚ್ಚರ ಬೇಕು. ಯಾವುದೋ ಅಭ್ಯಾಸದಿಂದ ರೋಗದ ಸಂಭವ ಶೇ. 50ರಷ್ಟು ಹೆಚ್ಚುತ್ತದೆ ಎಂದರೆ, ಸಾವಿರ ಜನರಲ್ಲಿ 2 ಇದ್ದದ್ದು 3 ಆಯಿತೇ, 200 ಇದ್ದದ್ದು 300 ಆಯಿತೇ ಎಂದು ಅಲ್ಲೇ ಕೇಳಬೇಕು. ಎರಡೂ ಶೇ. 50ರ ಏರಿಕೆಯೇ, ಆದರೆ ಊರಿನವರು ಮೊದಲನೆಯದಕ್ಕೆ ನಿದ್ದೆಗೆಡಬೇಕಾಗಿಲ್ಲ.

ಎರಡನೆಯ ಪ್ರಶ್ನೆ ‘ನಿಮಗೆ ಇದು ಹೇಗೆ ತಿಳಿಯಿತು?’ ಎಂಬುದು. ಮೂರನೆಯದು ನನಗೆ ಅತ್ಯಂತ ಇಷ್ಟವಾದದ್ದು: ‘ನೀವು ಎಣಿಸಿದ್ದಕ್ಕೂ ಕಂಡದ್ದಕ್ಕೂ ಎಲ್ಲಿ ವ್ಯತ್ಯಾಸ ಬಂತು?’ ಇದಕ್ಕೆ ಮಂಡ್ಯದ ನೆಲದಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಅಧ್ಯಯನಕಾರ್ತಿ 1954ರಿಂದ 1956ರವರೆಗೆ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿ, ಅವುಗಳಿಗೆ ವಂಗಲ, ದಲೆನ ಎಂಬ ಕಲ್ಪಿತ ಹೆಸರುಗಳನ್ನಿಟ್ಟು ಬರೆದರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಎತ್ತರದಲ್ಲಿದ್ದ ಇನ್ನೊಂದಕ್ಕೆ ಬಂದಿರಲಿಲ್ಲ. ನೀರು ಬಂದ ಊರೇ ಹೆಚ್ಚು ಬದಲಾಗುತ್ತದೆ ಎಂದು ಯಾರಾದರೂ ಭಾವಿಸುವುದು ಸಹಜ. ಅವರು ಕಂಡದ್ದು ಬೇರೆ: ಕಬ್ಬು ಬೆಳೆದು ಕೈಯಲ್ಲಿ ಕಾಸು ಆಡಿದರೂ ನೀರಾವರಿಯ ಹಳ್ಳಿಯಲ್ಲಿ ಒಡೆಯ ಮತ್ತು ಆಳಿನ ಹಳೆಯ ಸಂಬಂಧಗಳು ಬಹುಮಟ್ಟಿಗೆ ಉಳಿದುಕೊಂಡವು, ನೀರಿಲ್ಲದ ಹಳ್ಳಿಯ ಜನ ಮಂಡ್ಯದ ಪೇಟೆಯಲ್ಲೂ ಸುತ್ತಲ ಊರುಗಳಲ್ಲೂ ಸಂಪಾದನೆಯ ದಾರಿ ಹುಡುಕಿಕೊಂಡದ್ದರಿಂದ ಅಲ್ಲಿ ಆ ಸಂಬಂಧಗಳು ಸಡಿಲವಾದವು. ಪ್ರತಿಯೊಬ್ಬ ಸಂಶೋಧಕರ ಬಳಿಯೂ ಇಂಥ ಒಂದು ಅಚ್ಚರಿ ಇರುತ್ತದೆ, ಕೇಳದೆ ಅವರು ಹೇಳುವುದಿಲ್ಲ.

ಸಮಾಜವನ್ನು ಅಧ್ಯಯನ ಮಾಡುವವರಿಗೆ ಇನ್ನೂ ಒಂದು ಪ್ರಶ್ನೆ ಕೇಳಬೇಕು: ‘ಅಲ್ಲಿ ನೀವು ಯಾರ ಮನೆಯಲ್ಲಿ ಉಳಿದಿದ್ದಿರಿ?’ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹತ್ತಿರದ ಹಳ್ಳಿಯೊಂದಕ್ಕೆ ಹೋಗಿ ನೆಲೆಸಿ, ಅದಕ್ಕೆ ರಾಮಪುರ ಎಂದು ಹೆಸರಿಟ್ಟು ಅಧ್ಯಯನ ಮಾಡಿದಾಗ ಉಳಿದುಕೊಂಡದ್ದು ಊರಿನ ಪಟೇಲರಿಗೆ ಸೇರಿದ, ಎತ್ತು ಕಟ್ಟುವ ಮನೆಯಲ್ಲಿ. ಪಟೇಲರ ಅತಿಥಿಗೆ ಊರು ಒಂದು ರೀತಿ ಕಾಣುತ್ತದೆ, ಕೇರಿಯಲ್ಲಿ ಉಳಿದವರಿಗೆ ಇನ್ನೊಂದು ರೀತಿ. ತಾವು ಕಂಡದ್ದು ಹೆಚ್ಚಾಗಿ ಮೇಲಿನವರ ಕಡೆಯಿಂದ ಎಂಬುದನ್ನು ಶ್ರೀನಿವಾಸರೇ ಮುಚ್ಚಿಡದೆ ಬರೆದಿದ್ದಾರೆ. ವಿಜ್ಞಾನಿಗಳ ವಿಷಯದಲ್ಲಿ ಇದೇ ಪ್ರಶ್ನೆಯ ಇನ್ನೊಂದು ರೂಪವೆಂದರೆ, ಸಂಶೋಧನೆಗೆ ಹಣ ಎಲ್ಲಿಂದ ಬಂತು ಎಂಬುದು. ವಿನಯದಿಂದ ಕೇಳಿದರೆ ಯಾರೂ ಬೇಸರಿಸುವುದಿಲ್ಲ.

ಆರೋಗ್ಯದ ಮಾತುಕತೆಯಲ್ಲಿ ಒಂದು ವಾಕ್ಯ ಹೆಚ್ಚು ಕಡಿಮೆಯಾದರೂ ಪರಿಣಾಮ ಕೇಳುಗರ ಮೈಮೇಲೆ ಆಗುತ್ತದೆ. ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಬಿ.ಪಿ. ಕುರಿತ ಕಾರ್ಯಕ್ರಮದಲ್ಲಿ ವೈದ್ಯರು, ದಿನಕ್ಕೆ ಉಪ್ಪು 5 ಗ್ರಾಂ ಅಂದರೆ ಸುಮಾರು ಒಂದು ಟೀ ಚಮಚ ಮೀರಬಾರದು, ಉಪ್ಪು ಇಳಿಸಿದರೆ ಬಿ.ಪಿ. ಇಳಿಯುತ್ತದೆ ಎಂದರು, ಅದರ ಬೆನ್ನಿಗೇ, ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ ಎಂದೂ ಸೇರಿಸಿದರು. ಅವಧಿ ಮೀರುತ್ತಿದ್ದುದರಿಂದ ಆ ಕೊನೆಯ ಮಾತನ್ನು ನಾನು ಕತ್ತರಿಸಿದೆ. ಹದಿನೈದು ದಿನ ಕಳೆದು ಪಾಂಡವಪುರದ ಕಡೆಯ ಹಿರಿಯರೊಬ್ಬರು ಬಸ್ ನಿಲ್ದಾಣದಲ್ಲಿ ಸಿಕ್ಕಿ, ‘ಉಪ್ಪು ಬುಟ್ರೆ ಸಾಕು ಅಂತ ನಿಮ್ ಡಾಕ್ಟ್ರೇ ಅಂದ್ರಲ್ಲಪ್ಪ, ಅದ್ಕೇ ಮಾತ್ರೆ ನಿಲ್ಲಿಸ್ಬುಟ್ಟೆ’ ಎಂದಾಗ ನನ್ನ ಬಾಯಿ ಒಣಗಿತು. ಅವರನ್ನು ಅಲ್ಲಿಂದಲೇ ಕರೆದುಕೊಂಡು ಹೋಗಿ ಬಿ.ಪಿ. ನೋಡಿಸಿದೆ. ಅಂದಿನಿಂದ ‘ಆದರೆ’ ಎಂದು ಶುರುವಾಗುವ ವಾಕ್ಯಗಳಿಗೆ ನಾನು ಕತ್ತರಿ ಹಾಕುವುದಿಲ್ಲ. ಅವಧಿ ಸಾಲದಿದ್ದರೆ ನನ್ನ ಪ್ರಶ್ನೆಯನ್ನೇ ಮೊಟಕು ಮಾಡುತ್ತೇನೆ. ಕೇಳುಗರೊಬ್ಬರ ವರದಿ ಹಿಡಿದು ‘ಇದಕ್ಕೆ ಯಾವ ಮಾತ್ರೆ ಸರ್?’ ಎಂದು ಮೈಕಿನ ಮುಂದೆ ಕೇಳುವುದನ್ನೂ ಬಿಟ್ಟಿದ್ದೇನೆ. ರೋಗಿಯನ್ನು ನೋಡದೆ ಮದ್ದು ಹೇಳುವಂತೆ ವೈದ್ಯರನ್ನು ಒತ್ತಾಯಿಸುವುದು ಅತಿಥಿಗೆ ಮಾಡುವ ಉಪಚಾರವಲ್ಲ.

ಪದಗಳ ವಿಷಯಕ್ಕೆ ಬಂದರೆ, ತಜ್ಞರು ಮಾತಿನ ಭರದಲ್ಲಿ ಇಂಗ್ಲಿಷಿಗೆ ಜಾರುವುದು ಸಹಜ, ತಡೆದು ಪಾಠ ಹೇಳಬೇಕಾಗಿಲ್ಲ. ಅವರು ನಿಂತಾಗ ಅದೇ ಮಾತನ್ನು ನೀವು ಕನ್ನಡದಲ್ಲಿ ತಿರುಗಿ ಹೇಳಿ, ಸರಿಯೇ ಎಂದು ಕೇಳಿದರೆ ಸಾಕು. ಹೀಗೆ ತಿರುಗಿ ಹೇಳುವಾಗಲೇ ನಮ್ಮ ತಪ್ಪು ತಿಳಿವಳಿಕೆ ಬಯಲಾಗುತ್ತದೆ. ತಜ್ಞರೊಬ್ಬರು ಆ್ಯಂಟಿಬಯಾಟಿಕ್ ರೆಸಿಸ್ಟೆನ್ಸ್ ಎಂದಾಗ ನಾನು ‘ಅಂದರೆ ನಮ್ಮ ದೇಹ ಔಷಧಕ್ಕೆ ಒಗ್ಗಿಹೋಗುತ್ತದೆ’ ಎಂದೆ. ‘ಇಲ್ಲ, ದೇಹವಲ್ಲ, ಒಗ್ಗಿಕೊಳ್ಳುವುದು ಬ್ಯಾಕ್ಟೀರಿಯಾ, ಆದ್ದರಿಂದಲೇ ಆ ಮಾತ್ರೆಯನ್ನು ಎಂದೂ ನುಂಗದವರಿಗೂ ಅಂಥ ಸೋಂಕು ತಗಲಬಹುದು’ ಎಂದು ಅವರು ತಿದ್ದಿದರು. ಇಡೀ ಗಂಟೆಯಲ್ಲಿ ಜನರಿಗೆ ನೆನಪುಳಿದದ್ದು ಆ ತಿದ್ದುಪಡಿಯೇ. ಹಾಗೆಯೇ ಊರಿನವರ ಪದವನ್ನು ತಜ್ಞರ ಮುಂದಿಡಲು ಹಿಂಜರಿಯಬಾರದು. ಸ್ಟ್ರೋಕ್ ಎಂದರೆ ಎಲ್ಲರಿಗೂ ತಿಳಿಯದು, ಲಕ್ವ ಹೊಡೆಯಿತು ಎಂದರೆ ಎಲ್ಲರಿಗೂ ತಿಳಿಯುತ್ತದೆ. ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ರೋಗಿ ಕೊನೆಯದಾಗಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಮನೆಯವರು ನೆನಪಿಟ್ಟುಕೊಂಡು ಹೇಳಬೇಕು ಎಂಬ ಮಾತು ಲಕ್ವ ಎಂಬ ಪದದ ಜೊತೆಗೇ ಹೋಗಬೇಕು, ಇಲ್ಲವಾದರೆ ಅದು ಬೇಕಾದ ಮನೆಗೆ ತಲುಪುವುದಿಲ್ಲ.

ತಜ್ಞರು ‘ಅದು ನನಗೆ ಗೊತ್ತಿಲ್ಲ’ ಎಂದರೆ ಗಾಬರಿಯಾಗಿ ಮುಂದಿನ ಪ್ರಶ್ನೆಗೆ ಹಾರಬೇಡಿ. ಅದು ನಿಮಗೆ ಗೊತ್ತಿಲ್ಲವೋ, ಇನ್ನೂ ಯಾರಿಗೂ ಗೊತ್ತಿಲ್ಲವೋ ಎಂದು ಕೇಳಿ, ಸುಮ್ಮನೆ ಕಾಯಿರಿ.

ಈಗ ಮೈಕ್. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಊರು ಮೈಸೂರು. ಸಲಕರಣೆ ಸಾಲದು ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ಅಂಗಿಗೆ ಸಿಕ್ಕಿಸುವ ಎರಡು ಸಾಧಾರಣ ಮೈಕ್ ಸಾಕು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಒಂದು ನಿಮಿಷ ಮುದ್ರಿಸಿ ಕೇಳಿ ನೋಡಿದ ಮೇಲೆಯೇ ಮಾತು ಆರಂಭಿಸಿ. ಮುದ್ರಿಕೆಯ ಪ್ರತಿಗಳನ್ನು ಅಂದೇ ಬೇರೆಬೇರೆ ಕಡೆ ಇಡಿ. ಶ್ರೀನಿವಾಸರು ಹದಿನೆಂಟು ವರ್ಷ ಕೂತು ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಒಂದೇ ಕೋಣೆಯಲ್ಲಿದ್ದವು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಆ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಮೂರೂ ಸುಟ್ಟವು. ಅವರು ನೆನಪಿನಿಂದ ಪುಸ್ತಕ ಬರೆದರು. ನಮ್ಮ ನೆನಪು ಆ ದರ್ಜೆಯದಲ್ಲ.

ಪ್ರಸಾರಕ್ಕೆ ಮುನ್ನ ಅಂಕಿ, ಔಷಧದ ಹೆಸರು, ಇಸವಿ ಬರುವ ಭಾಗಗಳನ್ನು ಮಾತ್ರ ಬರೆದು ತಜ್ಞರಿಗೆ ಕಳುಹಿಸಿ ಸರಿನೋಡಿಸಬೇಕು. ಇಡೀ ಮಾತುಕತೆಯನ್ನು ತಿದ್ದಲು ಕೊಟ್ಟರೆ ಅದು ಭಾಷಣವಾಗಿ ವಾಪಸ್ ಬರುತ್ತದೆ. ಪ್ರಸಾರವಾದ ಮೇಲೆ ತಪ್ಪು ಕಂಡರೆ ಮುಂದಿನ ಕಂತಿನ ಆರಂಭದಲ್ಲೇ ತಿದ್ದಿ ಹೇಳಬೇಕು. ಕೇಳುಗರ ಪ್ರಶ್ನೆಗಳನ್ನು ಒಂದು ವಾರ ಒಟ್ಟುಮಾಡಿಟ್ಟುಕೊಳ್ಳಿ. ಬೆಲ್ಲದ ಮಾತುಕತೆಯ ನಂತರ ನನಗೆ ಬಂದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜೇನುತುಪ್ಪದ ಬಗ್ಗೆ ಇದ್ದವು. ಅವನ್ನು ಒಡೆದು, ಜೋಡಿಸಿ, ಬೆಲ್ಲದ ಬಗ್ಗೆ ಮಾತನಾಡಿದ್ದ ವೈದ್ಯರಿಗೇ ಕಳುಹಿಸಿದ್ದೇನೆ. ಎರಡನೆಯ ಶನಿವಾರ ಬನ್ನಿ, ಈ ಸಲ ಪೇಟ ತರಬೇಡಿ ಎಂದಿದ್ದಾರೆ.