ಸ್ನೇರ್ ಕಾಂಪ್ಲೆಕ್ಸ್ ಕಟ್ಟಿದ್ದು, ಬಿಚ್ಚುವ ಯಂತ್ರದ ಜೊತೆ ಹಿಡಿದಿಟ್ಟದ್ದು: ನನ್ನ ಅನುಭವ

ನರಕೋಶದಲ್ಲಿ ರಾಸಾಯನಿಕ ಸಂದೇಶ ತುಂಬಿಕೊಂಡ ಪುಟ್ಟ ಚೀಲಗಳಿರುತ್ತವೆ. ವೆಸಿಕಲ್ ಅಂತೀವಿ. ಅವು ಕೋಶದ ಪೊರೆಯಲ್ಲಿ ಬೆರೆತು ಒಳಗಿದ್ದದ್ದನ್ನು ಹೊರಗೆ ಸುರಿಯುತ್ತವೆ. ಹಾಗೆ ಎರಡು ಪೊರೆಗಳನ್ನು ಎಳೆದು ಒಂದು ಮಾಡುವುದು ಸ್ನೇರ್ ಪ್ರೋಟೀನ್‌ಗಳು. ನನ್ನ ಪಿಎಚ್‌ಡಿಯ ಬಹುಪಾಲು ಇವುಗಳ ಜೊತೆಯಲ್ಲೇ ಕಳೆಯಿತು. ಇವು ಒಟ್ಟಿಗೆ ಸೇರಿ ಆಗುವ ಜೋಡಣೆಯೇ ಸ್ನೇರ್ ಕಾಂಪ್ಲೆಕ್ಸ್; ಅದನ್ನು ಹೆಪ್ಪುಗಟ್ಟಿಸಿ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡುವುದು ನನ್ನ ಗುರಿ. ಹೊಸದಾಗಿ ಬರುವವರು ಮೊದಲು ಕೇಳುವುದು ಆ ಮೈಕ್ರೋಸ್ಕೋಪ್ ಬಗ್ಗೆ. ನನ್ನ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಕೆಲಸ ಅದಕ್ಕೂ ಮೊದಲೇ ಟ್ಯೂಬ್‌ನಲ್ಲಿ ಮುಗಿದಿರಬೇಕು.

ಬೇಕಾದದ್ದು ಮೂರು ಪ್ರೋಟೀನ್. ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25 ಕೋಶದ ಪೊರೆಯ ಕಡೆಯವು, ಸಿನ್ಯಾಪ್ಟೋಬ್ರೆವಿನ್ ವೆಸಿಕಲ್ ಕಡೆಯದು. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮಾಡಿಸುವಾಗ ಪೊರೆಯೊಳಗೆ ಹೂತಿರುವ ತುದಿಗಳನ್ನು ಬಿಟ್ಟುಬಿಟ್ಟೆ, ಅವಿದ್ದರೆ ಡಿಟರ್ಜೆಂಟ್ ಇಲ್ಲದೆ ಪ್ರೋಟೀನ್ ಕರಗಿ ನಿಲ್ಲುವುದಿಲ್ಲ. ಸ್ನ್ಯಾಪ್-25ರ ನಡುವಿನ ನಾಲ್ಕು ಸಿಸ್ಟೀನ್‌ಗಳನ್ನೂ (ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲಿ ಒಂದು) ಸೀರಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲಕ್ಕೆ ಬದಲಾಯಿಸಿಕೊಂಡೆ. ಕೋಶದಲ್ಲಿ ಅವಕ್ಕೆ ಕೊಬ್ಬು ಅಂಟಿಕೊಳ್ಳುತ್ತದೆ, ಪ್ರೋಟೀನ್ ಪೊರೆಗೆ ಹತ್ತಿಕೊಂಡಿರುವುದು ಅದರಿಂದಲೇ. ಟ್ಯೂಬ್‌ನಲ್ಲಾದರೆ ಸುಮ್ನೆ ಒಂದಕ್ಕೊಂದು ಕಚ್ಚಿಕೊಂಡು ಗಂಟಾಗುತ್ತವೆ.

ಬೆರೆಸುವ ಕ್ರಮ ಮುಖ್ಯ. ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25 ಎರಡನ್ನೇ ಬಿಟ್ಟರೆ, ಒಂದು ಸ್ನ್ಯಾಪ್-25ಕ್ಕೆ ಎರಡು ಸಿಂಟ್ಯಾಕ್ಸಿನ್ ಸೇರಿ ಸಿನ್ಯಾಪ್ಟೋಬ್ರೆವಿನ್ ಕೂರಬೇಕಾದ ಜಾಗ ಭರ್ತಿಯಾಗಿಬಿಡುತ್ತದೆ. ಅದಕ್ಕೇ ಸಿನ್ಯಾಪ್ಟೋಬ್ರೆವಿನ್ ಅನ್ನು ಮೊದಲಿನಿಂದಲೇ, ಜಾಸ್ತಿಯೇ ಹಾಕಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ ಇಟ್ಟೆ.

ಮರುದಿನದ ಜೆಲ್ (ಪ್ರೋಟೀನ್‌ಗಳನ್ನು ವಿದ್ಯುತ್ತಿನಿಂದ ಓಡಿಸಿ ಗಾತ್ರದ ಪ್ರಕಾರ ಬೇರ್ಪಡಿಸುವ ಪರೀಕ್ಷೆ, ಸಣ್ಣವು ಕೆಳಗಿಳಿಯುತ್ತವೆ) ನನಗೆ ಈ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ. ಒಂದೇ ಟ್ಯೂಬ್‌ನಿಂದ ಎರಡು ಪಾಲು ತೆಗೆದು, ಎರಡಕ್ಕೂ ಎಸ್‌ಡಿಎಸ್ (ಒಂದು ಬಲವಾದ ಡಿಟರ್ಜೆಂಟ್) ಇರುವ ಬಫರ್ ದ್ರಾವಣ ಹಾಕಿ, ಒಂದನ್ನು ಕುದಿಸಿ, ಇನ್ನೊಂದನ್ನು ಹಾಗೇ ಬಿಟ್ಟು, ಅಕ್ಕಪಕ್ಕದಲ್ಲಿ ಲೋಡ್ ಮಾಡಿದೆ. ಎಸ್‌ಡಿಎಸ್ ಸಾಮಾನ್ಯವಾಗಿ ಯಾವ ಪ್ರೋಟೀನನ್ನೂ ಸುಮ್ಮನೆ ಬಿಡುವುದಿಲ್ಲ, ಆಕಾರ ಬಿಚ್ಚಿ ಹಾಕುತ್ತದೆ. ಕುದಿಸಿದ ಲೇನ್‌ನಲ್ಲಿ ಮೂರು ಬ್ಯಾಂಡ್: ಮೇಲೆ ಸಿಂಟ್ಯಾಕ್ಸಿನ್, ಕೆಳಗೆ ಸ್ನ್ಯಾಪ್-25, ತಳದಲ್ಲಿ ಪುಟ್ಟ ಸಿನ್ಯಾಪ್ಟೋಬ್ರೆವಿನ್. ಕುದಿಸದ ಲೇನ್‌ನಲ್ಲಿ ಇವೆಲ್ಲ ಮಸುಕಾಗಿ, ತುಂಬಾ ಮೇಲೆ ಒಂದೇ ಒಂದು ದಪ್ಪ ಬ್ಯಾಂಡ್. ಅಷ್ಟು ಎಸ್‌ಡಿಎಸ್‌ನಲ್ಲೂ ಮೂರೂ ಕೈ ಬಿಟ್ಟಿಲ್ಲ!

ಆದರೆ ಎಳೆಗಳು ಒಂದೇ ದಿಕ್ಕಿಗೆ ಕೂತಿವೆಯೋ ಉಲ್ಟಾ ಕೂತಿವೆಯೋ ಅಂತ ಈ ಜೆಲ್ ಹೇಳುವುದಿಲ್ಲ. ಹಾಗಾಗಿ ಕಾಲಮ್ (ಪ್ರೋಟೀನ್ ಹಿಡಿದಿಟ್ಟು ಶುದ್ಧ ಮಾಡುವ ಕೊಳವೆ) ಮೇಲೆ 7 ಮೋಲಾರ್ ಯೂರಿಯಾದಲ್ಲಿ ತೊಳೆದೆ. ತಪ್ಪಾಗಿ ಕೂತವು ಬಿಡಿಸಿಕೊಂಡು ಹೋಗುತ್ತವೆ, ಸರಿಯಾಗಿ ಕೂತವಕ್ಕೆ ಅದೊಂದು ಲೆಕ್ಕವೇ ಅಲ್ಲ. ಇಷ್ಟು ಗಟ್ಟಿ ಯಾಕೆ ಅನ್ನುವುದಕ್ಕೆ 1998ರಲ್ಲಿ ಬಂದ 2.4 ಆಂಗ್‌ಸ್ಟ್ರಾಮ್ ಸ್ಪಷ್ಟತೆಯ ಕ್ರಿಸ್ಟಲ್ ರಚನೆ (ಪರಮಾಣುಗಳ ಜಾಗ ತೋರಿಸುವ ನಕ್ಷೆ) ನೋಡಬೇಕು. ನಾಲ್ಕು ಹೆಲಿಕ್ಸ್‌ಗಳು (ಪ್ರೋಟೀನ್ ಸುರುಳಿಗಳು) ಹುರಿ ಹೊಸೆದ ಹಾಗೆ ಸುತ್ತಿಕೊಂಡಿವೆ, ಸ್ನ್ಯಾಪ್-25 ಒಂದೇ ಎರಡು ಹೆಲಿಕ್ಸ್ ಕೊಡುತ್ತದೆ. ಒಳಗೆ ಉದ್ದಕ್ಕೂ 16 ಪದರ, ಬಹುತೇಕ ಎಲ್ಲವೂ ನೀರಿಗೆ ಒಲ್ಲದ ಅಮೈನೋ ಆಮ್ಲಗಳದ್ದು. ನಟ್ಟನಡುವೆ ಮಾತ್ರ ಒಂದು ಪದರ ಬೇರೆ: ಸಿನ್ಯಾಪ್ಟೋಬ್ರೆವಿನ್‌ನ ಒಂದು ಆರ್ಜಿನೀನ್, ಉಳಿದವುಗಳಿಂದ ಮೂರು ಗ್ಲುಟಮೀನ್. ನಾನು ಆ ಫೈಲ್ ತೆರೆದಾಗಲೆಲ್ಲ ಮೊದಲು ಜೂಮ್ ಮಾಡುವುದು ಅಲ್ಲಿಗೇ.

ಇಷ್ಟು ಬಿಗಿಯಾಗಿದ್ದರೆ ಕೋಶ ಇದನ್ನು ಮತ್ತೆ ಬಳಸುವುದು ಹೇಗೆ? ಕುದಿಸುವಂತಿಲ್ಲ ಅಲ್ವಾ. ಅದಕ್ಕೆ ಎನ್‌ಎಸ್‌ಎಫ್ ಅನ್ನುವ ಯಂತ್ರ ಇದೆ, ಆರು ಪ್ರತಿಗಳ ಉಂಗುರ. ಆಲ್ಫಾ-ಸ್ನ್ಯಾಪ್ ಅನ್ನುವ ಪ್ರೋಟೀನ್ ಇದನ್ನು ಸ್ನೇರ್‌ಗೆ ಜೋಡಿಸುತ್ತದೆ, ಆಮೇಲೆ ಎನ್‌ಎಸ್‌ಎಫ್ ಎಟಿಪಿ (ಕೋಶದ ಇಂಧನ) ಖರ್ಚು ಮಾಡಿ ಬಿಚ್ಚುತ್ತದೆ. (ಹೆಸರು ಒಂದೇ ಥರ ಇದ್ದರೂ ಇದಕ್ಕೂ ಸ್ನ್ಯಾಪ್-25ಕ್ಕೂ ಸಂಬಂಧವಿಲ್ಲ.) 1976ರಲ್ಲಿ ವಿಜ್ಞಾನಿಗಳಾದ ಒಬೈದ್ ಸಿದ್ದಿಕಿ ಮತ್ತು ಸೈಮೂರ್ ಬೆಂಜರ್ ಬಿಸಿ ತಾಗಿದರೆ ಅಲುಗಾಡದೆ ಬಿದ್ದುಬಿಡುವ ಹಣ್ಣಿನ ನೊಣಗಳ ಬಗ್ಗೆ ಬರೆದಿದ್ದರು, ಅವುಗಳಲ್ಲಿ ಕೋಮಟೋಸ್ ಅನ್ನುವ ತಳಿಯಲ್ಲಿ ಕೆಟ್ಟಿದ್ದು ಎನ್‌ಎಸ್‌ಎಫ್‌ನ ಜೀನೇ ಅಂತ ಮುಂದೆ ತಿಳಿಯಿತು. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆ ಕಟ್ಟಿದವರು ಇದೇ ಸಿದ್ದಿಕಿ. ಅದೇ ಊರಲ್ಲಿ ಕೂತು ಆ ಪ್ರೋಟೀನನ್ನೇ ಕಾಲಮ್‌ನಿಂದ ಇಳಿಸುವಾಗ ನನಗೆ ನಿಜಕ್ಕೂ ಹೆಮ್ಮೆ ಅನಿಸುತ್ತಿತ್ತು.

ಸ್ನೇರ್ ಒಂದೇ ಆದರೆ ಕ್ರಯೋ ಮೈಕ್ರೋಸ್ಕೋಪ್‌ಗೆ ತೀರಾ ಸಣ್ಣದು, ಸಣಕಲು ಕಡ್ಡಿ. ಎನ್‌ಎಸ್‌ಎಫ್ ಸೇರಿದರೆ ಚೆನ್ನಾಗಿ ಕಾಣುವ ಗಾತ್ರ ಬರುತ್ತದೆ. ಆದರೆ ಎಟಿಪಿ ಸಿಕ್ಕ ತಕ್ಷಣ ಅದು ಬಿಚ್ಚಲು ಶುರು ಮಾಡಿದರೆ ನಮಗೆ ಉಳಿಯುವುದು ಬಿಡಿ ಭಾಗಗಳು ಮಾತ್ರ. ಮೆಗ್ನೀಸಿಯಮ್ ಇಲ್ಲದೆ ಎಟಿಪಿ ಒಡೆಯುವುದಿಲ್ಲ, ಹಾಗಾಗಿ ಎಟಿಪಿ ಜೊತೆ ಇಡಿಟಿಎ ಅನ್ನುವ ರಾಸಾಯನಿಕ ಹಾಕಿ ಇದ್ದಬದ್ದ ಮೆಗ್ನೀಸಿಯಮ್ ಕಟ್ಟಿಹಾಕಿದೆ. ಗ್ರಿಡ್‌ಗೆ (ಮೈಕ್ರೋಸ್ಕೋಪ್‌ನಲ್ಲಿ ಸ್ಯಾಂಪಲ್ ಹೊರುವ ಪುಟ್ಟ ಜಾಲರಿ) ಹಾಕುವ ಮುನ್ನ ಚೂರು ಡಿಟರ್ಜೆಂಟ್ ಸೇರಿಸಿದೆ, ಇಲ್ಲದಿದ್ದರೆ ಕಣಗಳೆಲ್ಲ ಒಂದೇ ಮಗ್ಗುಲಾಗಿ ಮಲಗಿ ಒಂದೇ ಕಡೆಯ ನೋಟ ಸಿಗುತ್ತದೆ. ಆಮೇಲೆ ಗ್ರಿಡ್ಡನ್ನು ತಕ್ಷಣ ಹೆಪ್ಪುಗಟ್ಟಿಸಲು ದ್ರವ ಈಥೇನ್‌ಗೆ ಅದ್ದುವುದು.

ಅದ್ದುವ ದಿನ ಅದೇ ಟ್ಯೂಬ್‌ನಿಂದ ಸ್ವಲ್ಪ ತೆಗೆದು, ಅದಕ್ಕೆ ಮಾತ್ರ ಮೆಗ್ನೀಸಿಯಮ್ ಜಾಸ್ತಿ ಹಾಕಿ, ಕುದಿಸದೆ ಜೆಲ್ ಓಡಿಸಿ. ಮೇಲಿನ ದಪ್ಪ ಬ್ಯಾಂಡ್ ಹೋಗಿ ಕೆಳಗೆ ಮೂರು ಬ್ಯಾಂಡ್ ಬಂದರೆ, ಗ್ರಿಡ್ ಮೇಲೆ ಕೂತಿರುವುದು ಕೆಲಸ ಮಾಡುವ ಯಂತ್ರವೇ ಅಂತ ಧೈರ್ಯವಾಗಿ ಮೈಕ್ರೋಸ್ಕೋಪ್ ಸಮಯ ಬುಕ್ ಮಾಡಬಹುದು.